ಕೌದಿ, ಗೋಣಿಚೀಲ ಮತ್ತು ಆಫ್ರಿಕಾದ ಹೊಸ ಕಲೆ

ಲಿಂಗಸುಗೂರು, ಸಿಂಧನೂರು, ಮಸ್ಕಿ ಸೀಮೆಯ ಹಳ್ಳಿಗಳಲ್ಲಿ ಕೌದಿಯನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ರಾತ್ರಿ ಹಾಸುತ್ತಾರೆ, ಚಳಿಗೆ ಹೊದೆಯುತ್ತಾರೆ, ಬೆಳಗಾದರೆ ಮಡಚಿ ಮೂಲೆಗಿಡುತ್ತಾರೆ. ಅವ್ವನ ಹಳೆಯ ಇಳಕಲ್ ಸೀರೆ, ಅಪ್ಪನ ಸವೆದ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ-ಲಂಗ ಎಲ್ಲವೂ ಪದರು ಪದರಾಗಿ ಸೇರಿ ಸಾವಿರಾರು ಹೊಲಿಗೆಗಳಲ್ಲಿ ಬಿಗಿದುಕೊಂಡರೆ ಒಂದು ಕೌದಿ. ಮನೆಯಲ್ಲಿ ಪುರುಸೊತ್ತಿಲ್ಲದವರು ಊರೂರು ತಿರುಗಿ ಕೌದಿ ಹೊಲಿಯುವ ಹೆಂಗಸರಿಗೆ ಅರಿವೆ ಕೊಟ್ಟು, ಕೂಲಿ ಕೊಟ್ಟು ಹೊಲಿಸಿಕೊಳ್ಳುತ್ತಾರೆ. ಕೂಸು ಹುಟ್ಟಿದ ಮನೆಗೆ ಸಣ್ಣ ಕೌದಿಯೊಂದು ಬೇಕೇ ಬೇಕು. ಇದು ಕಲೆ ಎಂದು ಹೊಲಿದವರು ಹೇಳಿಕೊಂಡದ್ದಿಲ್ಲ. ಹೊದ್ದು ಮಲಗಿದವರು ಕೇಳಿದ್ದೂ ಇಲ್ಲ.

ಅಂಥವೇ ಹೊದಿಕೆಗಳು 2011ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಆಫ್ರಿಕಾ ಮೂಲದ ಜನರ ಚರಿತ್ರೆ ಮತ್ತು ಸಂಸ್ಕೃತಿಯ ಅಧ್ಯಯನಕ್ಕೆ ಹೆಸರಾದ ಸಂಸ್ಥೆ ಅದು. ಹೊದಿಕೆಗಳು ಹೋದದ್ದು ಆಫ್ರಿಕಾದಿಂದಲ್ಲ, ನಮ್ಮ ಉತ್ತರ ಕನ್ನಡದ ಕಾಡಂಚಿನ ಹಳ್ಳಿಗಳಿಂದ. ಹೊಲಿದವರು ಸಿದ್ದಿ ಹೆಂಗಸರು. ಅವರ ಬಾಯಲ್ಲಿ ಅದರ ಹೆಸರು ಕವಂದಿ. ಕೌದಿ, ಕವಂದಿ, ಹೆಸರಿನಲ್ಲೇ ನೆಂಟಸ್ತನ ಕಾಣುತ್ತದೆ.

ಮನೆಯ ಮೂಲೆಯಲ್ಲಿದ್ದ ವಸ್ತು ಪ್ರದರ್ಶನ ಮಂದಿರದ ಗೋಡೆಗೆ ಏರಿದ್ದು ಹೇಗೆ? ಇದರ ಉತ್ತರ ಹುಡುಕಲು ಆಫ್ರಿಕಾದ ಕಲಾವಿದರು ಕಳೆದ ನೂರು ವರ್ಷಗಳಲ್ಲಿ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಅದಕ್ಕೂ ಮೊದಲು ಸಿದ್ದಿಯರ ಪರಿಚಯ ಆಗಬೇಕು.

ಆನೆಯ ಮೇಲಿನ ಮಂತ್ರಿ

ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲೂ ನೆರೆಯ ಖಾನಾಪುರ, ಕಲಘಟಗಿಗಳಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಮನೆಮಾತು ಬಹುಮಟ್ಟಿಗೆ ಕೊಂಕಣಿಯ ಒಂದು ಬಗೆ, ಶಾಲೆಯದು ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಆಫ್ರಿಕಾದಿಂದ ಬಂದವರೆಲ್ಲ ಕಾಡು ಸೇರಲಿಲ್ಲ. ಮುದಗಲ್ಲಿನ ಕೋಟೆಯನ್ನು ನೋಡಿದವರಿಗೆ ಆದಿಲ್‌ಶಾಹಿಗಳ ಹೆಸರು ಹೊಸದಲ್ಲ. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬ್ ಸೀಮೆಗಾಗಿ ವಿಜಯನಗರದವರೊಂದಿಗೆ ಹೊಡೆದಾಡಿದ ಬಿಜಾಪುರದ ಅರಸರ ಆಸ್ಥಾನದಲ್ಲಿ ಹಬಶಿಗಳು, ಅಂದರೆ ಆಫ್ರಿಕಾ ಮೂಲದ ಸರದಾರರು, ದೊಡ್ಡ ಹುದ್ದೆಗಳಿಗೇರಿದ್ದರು. ಎರಡನೆಯ ಇಬ್ರಾಹಿಂ ಇನ್ನೂ ಹುಡುಗನಾಗಿದ್ದಾಗ, 1582ರಿಂದ 1590ರವರೆಗೆ, ರಾಜ್ಯದ ಸೂತ್ರ ಹಿಡಿದವನು ದಿಲಾವರ್ ಖಾನ್ ಹಬಶಿ. ಮುಂದೆ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ಗೋಲಗುಮ್ಮಟ ಕಟ್ಟಿಸಿದ ಆ ಸುಲ್ತಾನನ ಕಾಲದಲ್ಲಿ, ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. 1645ರ ಸುಮಾರಿಗೆ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಬರೆದ ಒಂದು ಚಿತ್ರದಲ್ಲಿ ಸುಲ್ತಾನ ಆನೆಯೇರಿ ಹೊರಟಿದ್ದಾನೆ. ಅವನ ಬೆನ್ನಿಗೇ ಅದೇ ಆನೆಯ ಮೇಲೆ ಇಖ್ಲಾಸ್ ಖಾನ್ ಕುಳಿತಿದ್ದಾನೆ. ಬಿಜಾಪುರದ ಚಿತ್ರಕಲೆಯಲ್ಲಿ ಇದು ಬಹಳ ಹೆಸರಾದ ಚಿತ್ರ. ಆನೆಯ ಮೇಲಿನ ಹಬಶಿಯನ್ನು ಚರಿತ್ರೆ ಹೆಸರಿಟ್ಟು ಕರೆಯುತ್ತದೆ. ಕಾಡಿನಲ್ಲಿ ಕವಂದಿ ಹೊಲಿದ ಹೆಂಗಸಿಗೆ ಆ ಭಾಗ್ಯವಿರಲಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂಯಲ್ ಸಿದ್ದಿಯರ ನಡುವೆ ಓಡಾಡಿ ಈ ಕವಂದಿಗಳ ಬಗ್ಗೆ ಬರೆದರು. 2004ರಲ್ಲಿ ಅವರ ನೆರವಿನಿಂದ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘ ಆರಂಭವಾಯಿತು. ನ್ಯೂಯಾರ್ಕಿನ ಪ್ರದರ್ಶನದ ಹಿಂದೆ ಇದ್ದದ್ದೂ ಅವರೇ.

ಕವಂದಿಯ ಕೆಲಸ ಹೀಗೆ. ಬುಡಕ್ಕೆ ಒಂದು ಅಗಲವಾದ ಅರಿವೆ, ಸಾಮಾನ್ಯವಾಗಿ ಹಳೆಯ ಸೀರೆ. ಹೊಲಿಗೆ ಆರಂಭವಾಗುವುದು ಅಂಚಿನಿಂದ. ಬಣ್ಣಬಣ್ಣದ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು, ಒತ್ತೊತ್ತಾಗಿ ಸಾದಾ ಹೊಲಿಗೆ ಹಾಕುತ್ತ, ನಾಲ್ಕೂ ಬದಿಗೆ ಸುತ್ತು ಬರುತ್ತ ನಡುವಿನ ಕಡೆಗೆ ಸಾಗುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಕೆಂಪಿನ ಪಕ್ಕ ಹಳದಿಯೋ ನೀಲಿಯೋ ಎಂಬುದು ಆ ಹೊತ್ತಿನ ಕಣ್ಣಿನ ತೀರ್ಮಾನ. ಕ್ರೈಸ್ತರು ಶಿಲುಬೆಯ ಆಕಾರದ ತುಂಡು ಇಡುವುದುಂಟು, ಮುಸ್ಲಿಮರು ಅರ್ಧಚಂದ್ರ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಅರಿವೆಯನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಪದರವಿಟ್ಟು 'ಫೂಲ' ಕೂಡಿಸುತ್ತಾರೆ. ಫೂಲವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಹೊದೆಯುವವನಿಗೆ ಮೂಲೆಯ ಹೂವಿನಿಂದ ಬೆಚ್ಚಗೇನೂ ಆಗುವುದಿಲ್ಲ, ಆದರೂ ಅದು ಬೇಕು. ಇಲ್ಲಿ ಕೆಲಸ ಮುಗಿದು ಇನ್ನೇನೋ ಆರಂಭವಾಗುತ್ತದೆ.

ಹಾಗಾದರೆ ಇದು ಆಫ್ರಿಕಾದ ಕಲೆಯೇ? ಕವಂದಿಯ ಬಣ್ಣದ ಧೈರ್ಯದಲ್ಲಿ, ಲಯ ಮುರಿಯುವ ಜೋಡಣೆಯಲ್ಲಿ ಡ್ರೂಯಲ್ ಆಫ್ರಿಕಾದ ಚಹರೆ ಕಂಡರು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಆಫ್ರಿಕನ್-ಅಮೆರಿಕನ್ ಹೆಂಗಸರು ಹೊಲಿಯುವ ಹೊದಿಕೆಗಳ ಜತೆಗಿಟ್ಟು ನೋಡಿದರೆ ಆ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಆದರೆ ಹಳೆಯ ಸೀರೆ, ಸೂಜಿ, ಸುತ್ತು ಹೊಲಿಗೆ ಇವೆಲ್ಲ ನಮ್ಮ ಕಡೆಯ ಕೌದಿಯಲ್ಲೂ ಇವೆಯಲ್ಲ! ಬಂಗಾಳದ ಕಾಂತಾ ಕೂಡ ಇದೇ ವಂಶದ್ದು. ನೆರೆಹೊರೆಯಿಂದ ಕಲಿತ ಕೆಲಸಕ್ಕೆ ಸಿದ್ದಿ ಹೆಂಗಸರು ತಮ್ಮ ಕಣ್ಣು ಕೊಟ್ಟರು ಎಂದರೆ ಹೆಚ್ಚು ಸರಿಯಾದೀತು.

ಕದ್ದವರು, ಕಲಿತವರು

ಆಫ್ರಿಕಾದ ಕಲೆ ಎಂದ ಕೂಡಲೆ ಶಾಲೆಯ ಪುಸ್ತಕ ತೋರಿಸುವುದು ಮುಖವಾಡ ಮತ್ತು ಮರದ ಬೊಂಬೆ. ಅವು ಯುರೋಪಿಗೆ ಹೋದ ಬಗೆ ಮಾತ್ರ ಚೆನ್ನಾಗಿಲ್ಲ. 1897ರಲ್ಲಿ ಬ್ರಿಟಿಷ್ ಸೈನ್ಯ ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ನಗರದ ಅರಮನೆಯನ್ನು ಲೂಟಿ ಮಾಡಿ, ಎರಕದ ಫಲಕಗಳು, ದಂತದ ಕೆತ್ತನೆಗಳು ಸೇರಿ ಸಾವಿರಾರು ವಸ್ತುಗಳನ್ನು ಹೊತ್ತೊಯ್ಯಿತು. ಅವು ಯುರೋಪಿನ ಹತ್ತಾರು ವಸ್ತುಸಂಗ್ರಹಾಲಯಗಳಿಗೆ ಹಂಚಿಹೋದವು. 125 ವರ್ಷಗಳ ಬಳಿಕ, 2022ರಲ್ಲಿ, ಜರ್ಮನಿ ತನ್ನಲ್ಲಿದ್ದ ಕೆಲವನ್ನು ನೈಜೀರಿಯಾಕ್ಕೆ ಹಿಂದಿರುಗಿಸಿತು.

ಇತ್ತ ಪ್ಯಾರಿಸ್ಸಿನಲ್ಲಿ 1907ರಲ್ಲಿ ಪಿಕಾಸೊ ಟ್ರೊಕಾಡೆರೊ ಸಂಗ್ರಹಾಲಯದಲ್ಲಿ ಆಫ್ರಿಕಾದ ಮುಖವಾಡಗಳನ್ನು ನೋಡಿದ. ಅದೇ ವರ್ಷದ ಅವನ ಪ್ರಸಿದ್ಧ ಚಿತ್ರದ ಹೆಂಗಸರಲ್ಲಿ ಇಬ್ಬರ ಮುಖಗಳು ಮುಖವಾಡದಂತಾದವು. ಆಫ್ರಿಕಾದಿಂದ ಕಲಿತ ಯುರೋಪಿನವನು ಆಧುನಿಕ ಎನಿಸಿಕೊಂಡ. ಯುರೋಪಿನಿಂದ ಕಲಿಯಹೊರಟ ಆಫ್ರಿಕಾದವನಿಗೆ 'ಇದು ನಿನ್ನದಲ್ಲ' ಎಂಬ ಉಪದೇಶ ಸಿಕ್ಕಿತು!

ನೈಜೀರಿಯಾದ ಐನಾ ಒನಾಬೊಲು ಈ ಸಂಕಟ ಅನುಭವಿಸಿದ ಮೊದಲಿಗರು. ಕರಿಯರಿಗೆ ತೈಲಚಿತ್ರ ಬರೆಯುವ ಶಕ್ತಿಯಿಲ್ಲ ಎಂದು ಆಳುವವರು ನಂಬಿದ್ದ ಕಾಲ. ಒನಾಬೊಲು ಮನುಷ್ಯರ ಮುಖಗಳನ್ನು ಪಡಿಯಚ್ಚಿನಂತೆ ಬರೆದು ತೋರಿಸಿದರು. 1920ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಕಲಿತು ಬಂದು ಲಾಗೋಸ್‌ನ ಶಾಲೆಗಳಲ್ಲಿ ಪಾಠ ಹೇಳಿದರು. 1927ರಲ್ಲಿ ಬಂದ ಇಂಗ್ಲಿಷ್ ಕಲಾಶಿಕ್ಷಕ ಕೆನೆತ್ ಮರ್ರಿಯದು ಇದಕ್ಕೆ ತದ್ವಿರುದ್ಧ ವಾದ: ಹುಡುಗರು ತಮ್ಮ ಊರಿನ ಕೆತ್ತನೆ, ಕುಂಬಾರಿಕೆಗಳನ್ನೇ ಕಲಿಯಲಿ. ನಮ್ಮಲ್ಲೂ ಇದೇ ಜಗಳ ನಡೆದಿತ್ತು. ರವಿವರ್ಮನ ತೈಲವರ್ಣ ಒಂದು ಕಡೆ, ಕಲ್ಕತ್ತೆಯ ಅವನೀಂದ್ರನಾಥ ಠಾಕೂರರ ಸ್ವದೇಶಿ ಶೈಲಿ ಇನ್ನೊಂದು ಕಡೆ. ಮೈಸೂರಿನ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದದ್ದು ಆ ದಿನಗಳಲ್ಲೇ.

ಜಗಳ ಬಗೆಹರಿಸಿದವರು ವಿದ್ಯಾರ್ಥಿಗಳು. 1958ರಲ್ಲಿ, ಸ್ವಾತಂತ್ರ್ಯ ಬರಲು ಎರಡು ವರ್ಷವಿರುವಾಗ, ನೈಜೀರಿಯಾದ ಜಾರಿಯಾ ಕಾಲೇಜಿನ ಕೆಲವು ಹುಡುಗರು ಒಂದು ಕಲಾಸಂಘ ಕಟ್ಟಿದರು. ಉಚೆ ಒಕೆಕೆ, ಡೆಮಾಸ್ ನ್ವೊಕೊ, ಬ್ರೂಸ್ ಒನೊಬ್ರಕ್ಪೆಯಾ, ಯೂಸುಫ್ ಗ್ರಿಲ್ಲೊ ಅದರ ಪ್ರಮುಖರು. ತರಗತಿಯಲ್ಲಿ ಬ್ರಿಟಿಷ್ ಪಠ್ಯಕ್ರಮ. ತರಗತಿಯ ಹೊರಗೆ ತಮ್ಮ ತಮ್ಮ ಊರಿನ ಕಥೆ, ಕೆತ್ತನೆ, ವಿನ್ಯಾಸಗಳ ಚರ್ಚೆ. ಎರಡನ್ನೂ ಬಿಡದೆ, ಬೇಕಾದ್ದನ್ನು ಬೇಕಾದಲ್ಲಿ ತೆಗೆದುಕೊಂಡು ತಮ್ಮದನ್ನು ಕಟ್ಟಬೇಕೆಂಬುದು ಅವರ ನಿಲುವು. ಒಕೆಕೆ 1960ರಲ್ಲಿ ಇದನ್ನು 'ಸಹಜ ಸಮನ್ವಯ' ಎಂಬರ್ಥದ ಹೆಸರಿನಿಂದ ಕರೆದರು.

ಆ ಮಾತಿಗೆ ಒಕೆಕೆ ಕೊಟ್ಟ ಸಾಕ್ಷಿ ತಮ್ಮ ತಾಯಿಯ ಕೈಕೆಲಸ. ಇಗ್ಬೊ ಹೆಂಗಸರು ಗಿಡದ ರಸದಿಂದ ಮೈಮೇಲೆ, ಬಣ್ಣದ ಮಣ್ಣಿನಿಂದ ಮನೆಯ ಗೋಡೆಯ ಮೇಲೆ ಬರೆಯುವ ಚಿತ್ತಾರಕ್ಕೆ 'ಉಲಿ' ಎಂದು ಹೆಸರು. ನೀಳವಾದ ಗೆರೆ, ಸುರುಳಿ, ಚುಕ್ಕೆ, ಸುತ್ತ ಧಾರಾಳವಾಗಿ ಬಿಟ್ಟ ಖಾಲಿ ಜಾಗ. ಮೈಮೇಲಿನದು ಕೆಲವೇ ದಿನಗಳಲ್ಲಿ ಮಾಸುತ್ತದೆ, ಗೋಡೆಯದನ್ನು ಮಳೆ ತೊಳೆಯುತ್ತದೆ. ಅಂಗಳ ಸಾರಿಸಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಕೆಕೆ ಈ ಗೆರೆಗಳನ್ನು ತಾಯಿಯಿಂದ ಕಲಿತು ಕಾಗದಕ್ಕೆ ತಂದರು. ಬಿಯಾಫ್ರಾ ಯುದ್ಧ 1970ರಲ್ಲಿ ಮುಗಿದ ಮೇಲೆ ಎನ್ಸುಕ್ಕಾ ವಿಶ್ವವಿದ್ಯಾಲಯದ ಕಲಾವಿಭಾಗ ಸೇರಿ, ಉಲಿಯನ್ನೇ ಪಾಠವಾಗಿಸಿದರು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜನರ ಮಕ್ಕಳಿಗೆ ಅಜ್ಜಿಯರ ಗೆರೆಗಳು ಕಾಲೇಜಿನಲ್ಲಿ ಮರಳಿ ಸಿಕ್ಕವು.

ಬೇರೆ ದೇಶಗಳಲ್ಲೂ ಇಂಥದೇ ತುಡಿತ. ಸೆನೆಗಾಲ್‌ನ ಅಧ್ಯಕ್ಷ ಸೆಂಘೋರ್ ಸ್ವತಃ ಕವಿ. 1966ರಲ್ಲಿ ಡಾಕಾರ್‌ನಲ್ಲಿ ಜಗತ್ತಿನ ಆಫ್ರಿಕಾ ಮೂಲದ ಕಲಾವಿದರನ್ನೆಲ್ಲ ಕರೆಸಿ ದೊಡ್ಡ ಉತ್ಸವ ನಡೆಸಿದರು. ಇಂದಿನ ಜಿಂಬಾಬ್ವೆಯಲ್ಲಿ ಕಲ್ಲಿನ ಶಿಲ್ಪಿಗಳ ಒಂದು ಪೀಳಿಗೆಯೇ ಎದ್ದುಬಂತು.

ಮುಚ್ಚಳದ ಬಟ್ಟೆ

ಎನ್ಸುಕ್ಕಾಕ್ಕೆ 1975ರಲ್ಲಿ ಘಾನಾ ದೇಶದಿಂದ ಒಬ್ಬ ಮೇಷ್ಟ್ರು ಬಂದರು, ಎಲ್ ಅನಾತ್ಸುಯಿ. 1944ರಲ್ಲಿ ಹುಟ್ಟಿದವರು. ಮನೆತನದಲ್ಲಿ ಕೆಂಟೆ ಬಟ್ಟೆಯ ನೇಯ್ಗೆ ಇತ್ತು, ತಾವು ನೇಯಲಿಲ್ಲ. ಮರ, ಮಣ್ಣುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. 1998ರ ಸುಮಾರಿಗೆ ಊರಾಚೆ ಯಾರೋ ಎಸೆದಿದ್ದ ಚೀಲವೊಂದು ಕಣ್ಣಿಗೆ ಬಿತ್ತು. ಒಳಗೆ ಹೆಂಡದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳು. ಹೊತ್ತು ತಂದು ಇಟ್ಟುಕೊಂಡರು. ಆಮೇಲೆ ಒಂದೊಂದನ್ನೂ ತಟ್ಟಿ ಚಪ್ಪಟೆ ಮಾಡಿ, ಮಡಚಿ, ತಾಮ್ರದ ಸಣ್ಣ ತಂತಿಯಿಂದ ಒಂದಕ್ಕೊಂದು ಹೊಲಿದರು. ಕೆಂಪು, ಬಂಗಾರ, ಕಪ್ಪು ಬಣ್ಣದ ಸಾವಿರಾರು ತುಣುಕುಗಳು ಸೇರಿ ಗೋಡೆಯಷ್ಟು ಅಗಲದ 'ಬಟ್ಟೆ' ಆಯಿತು. ದೂರದಿಂದ ಜರತಾರಿ ಸೀರೆ ಇಳಿಬಿಟ್ಟಂತೆ; ಹತ್ತಿರ ಹೋದರೆ ಕುಡಿದು ಬಿಸಾಡಿದ ಬಾಟಲಿಯ ಮುಚ್ಚಳ.

ಮುಚ್ಚಳವೇ ಏಕೆ? ಆಫ್ರಿಕಾದ ಕರಾವಳಿಗೆ ಯುರೋಪಿನವರು ತಂದ ಸರಕುಗಳಲ್ಲಿ ಹೆಂಡವೂ ಒಂದು. ಹೆಂಡ ಕೊಟ್ಟು ಮನುಷ್ಯರನ್ನು ಕೊಂಡ ವ್ಯಾಪಾರ ಅದು. ಸಿದ್ದಿಯರ ಪೂರ್ವಿಕರನ್ನು ಹಡಗು ಹತ್ತಿಸಿದ್ದೂ ಮನುಷ್ಯರನ್ನು ಮಾರುವ ಇಂಥದೇ ವ್ಯಾಪಾರ. ಇನ್ನೊಂದು ಸಂಗತಿ ಕೌದಿ ಬಲ್ಲವರಿಗೆ ಇಷ್ಟವಾಗುತ್ತದೆ. ಅನಾತ್ಸುಯಿಯವರ ಈ ಕೃತಿಗಳಿಗೆ ಗೊತ್ತಾದ ಆಕಾರವಿಲ್ಲ. ಮಡಚಿ ಪೆಟ್ಟಿಗೆಯಲ್ಲಿ ಕಳಿಸಬಹುದು, ತೂಗುಹಾಕಿದ ಕಡೆಯಲ್ಲೆಲ್ಲ ನೆರಿಗೆ ಬೇರೆಯಾಗಿ ಬೀಳುತ್ತದೆ.

2015ರಲ್ಲಿ ಇಟಲಿಯ ವೆನಿಸ್ ಬಿನಾಲೆ ಅವರಿಗೆ ಜೀವಮಾನದ ಸಾಧನೆಗಾಗಿ ಸ್ವರ್ಣಸಿಂಹ ಪ್ರಶಸ್ತಿ ನೀಡಿತು. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ದೈತ್ಯ ಸಭಾಂಗಣದಲ್ಲಿ ಅವರ ಮುಚ್ಚಳದ ಪರದೆಗಳು ತೂಗಿದವು. 'ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ' ಎಂದು ಕೇಳುವ ತಂದೆತಾಯಂದಿರು ಇದರ ಜತೆಗೆ ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಮುಚ್ಚಳದ ಚೀಲ ಸಿಕ್ಕಾಗ ಅವರಿಗೆ ಐವತ್ತು ದಾಟಿತ್ತು. 2011ರಲ್ಲಿ ನಿವೃತ್ತರಾಗುವ ತನಕ ಅವರು ಮೇಷ್ಟ್ರ ಕೆಲಸ ಬಿಡಲಿಲ್ಲ.

ಭತ್ತದ ಊರಿಗೆ ಗೊತ್ತಿರುವ ಚೀಲ

2015ರ ಆ ವೆನಿಸ್ ಬಿನಾಲೆಯ ನಿರ್ದೇಶಕ ನೈಜೀರಿಯಾ ಮೂಲದ ಒಕ್ವಿ ಎನ್ವೆಜರ್. ಆ ಸ್ಥಾನಕ್ಕೇರಿದ ಆಫ್ರಿಕಾದ ಮೊದಲಿಗ. ಅದೇ ವರ್ಷ ಅಲ್ಲಿನ ಹಳೆಯ ಹಡಗುಕಟ್ಟೆಯ ಉದ್ದನೆಯ ಓಣಿಯ ಎರಡೂ ಗೋಡೆಗಳನ್ನು ಒಬ್ಬ ಯುವಕ ಗೋಣಿಚೀಲಗಳಿಂದ ಮುಚ್ಚಿಬಿಟ್ಟ. ಘಾನಾ ದೇಶದ ಉತ್ತರ ಭಾಗದ ತಮಾಲೆ ಊರಿನ ಇಬ್ರಾಹಿಂ ಮಹಾಮಾ. 1987ರಲ್ಲಿ ಹುಟ್ಟಿದವನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಆ ಸೆಣಬಿನ ಚೀಲಗಳು ಏಷ್ಯಾದಲ್ಲಿ ತಯಾರಾಗಿ ಘಾನಾಕ್ಕೆ ಹೋಗುತ್ತವೆ. ಮೊದಲು ಕೋಕೋ ಬೀಜ ತುಂಬುತ್ತಾರೆ. ಹಳತಾದ ಮೇಲೆ ಜೋಳ, ಅಕ್ಕಿ, ಕೊನೆಗೆ ಇದ್ದಿಲು. ಹರಿದಲ್ಲಿ ತೇಪೆ, ಮೇಲೆ ಮಾಲಿಕನ ಹೆಸರು, ವ್ಯಾಪಾರಿಯ ಗುರುತು, ಎಣ್ಣೆಯ ಕಲೆ. ಮಹಾಮಾ ಹೊಸ ಚೀಲ ಕೊಟ್ಟು ಹಳೆಯದನ್ನು ಪಡೆಯುತ್ತಾರೆ. ಕೂಲಿ ಹುಡುಕಿಕೊಂಡು ಪಟ್ಟಣಕ್ಕೆ ಬಂದ ಜನರನ್ನು ಕೂಡಿಸಿ ಅವನ್ನು ಹೊಲಿಸುತ್ತಾರೆ, ದೊಡ್ಡ ದೊಡ್ಡ ಕಟ್ಟಡಗಳಿಗೆ ಹೊದಿಸುತ್ತಾರೆ. ಚೀಲ ಹೊತ್ತವನ ಬೆವರಿಗೆ ಲೆಕ್ಕ ಯಾರಿಟ್ಟರು ಎಂಬ ಪ್ರಶ್ನೆ ಆ ಹೊದಿಕೆಯಲ್ಲೇ ಇದೆ.

ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಭತ್ತ, ಅಕ್ಕಿ ಗಿರಣಿಗಳ ಊರಾಗಿ ಬೆಳೆದ ಸಿಂಧನೂರಿನವರಿಗೆ ಈ ಚೀಲದ ಕಥೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಮಾಲರ ಬೆನ್ನು, ಕೈಯಲ್ಲಿನ ಕೊಕ್ಕೆ, ಚೀಲದ ಬಾಯಿ ಹೊಲಿಯುವ ದಬ್ಬಣ ಇವೆಲ್ಲ ಅವರ ಕಣ್ಣೆದುರಿನವು. ಮಹಾಮಾ ಗಳಿಸಿದ ಹಣದ ಬಹುಭಾಗವನ್ನು ಹೂಡಿದ್ದು ತಮಾಲೆಯಲ್ಲೇ. 2019ರಲ್ಲಿ ಅಲ್ಲಿ ಕಲಾಕೇಂದ್ರ ತೆರೆದರು. ಬಳಿಕ ರೆಡ್ ಕ್ಲೇ ಎಂಬ ವಿಶಾಲವಾದ ತಾಣ ಕಟ್ಟಿದರು. ಹಾರಾಟ ನಿಲ್ಲಿಸಿದ ಹಳೆಯ ವಿಮಾನಗಳನ್ನು ತಂದು ನಿಲ್ಲಿಸಿದ್ದಾರೆ; ಮಕ್ಕಳಿಗೆ ಅವುಗಳೊಳಗೇ ತರಗತಿ.

ಕರ್ನಾಟಕದಲ್ಲೂ ಈ ದಾರಿ ಹಿಡಿದವರಿದ್ದಾರೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಬಳಿ ಕಲಿತವರು. ಬರೋಡ, ಶಾಂತಿನಿಕೇತನ, ಲಂಡನ್ನುಗಳಲ್ಲಿ ಓದಿದ ಮೇಲೆ ಅವರು ಕೈಗೆತ್ತಿಕೊಂಡದ್ದು ಸಗಣಿ, ಕುಂಕುಮ, ಸೂಜಿ-ದಾರ, ಡಾಂಬರಿನ ಡ್ರಮ್ಮುಗಳನ್ನು. ಸೂಜಿಗಳ ಕಣ್ಣಲ್ಲಿ ಮಾರುಗಟ್ಟಲೆ ದಾರ ಪೋಣಿಸಿ, ಕುಂಕುಮ ಬಳಿದು ಹಗ್ಗವಾಗಿ ಹೊಸೆದ ಅವರ 1998ರ ಕೃತಿ ನೋಡಿದವರಿಗೆ ಮನೆಯ ಹೆಂಗಸರ ದುಡಿಮೆಯೂ ನೋವೂ ಒಟ್ಟಿಗೇ ನೆನಪಾಗುತ್ತವೆ.

ಒಂದು ವ್ಯತ್ಯಾಸವನ್ನು ಮಾತ್ರ ಮುಚ್ಚಿಡಬಾರದು. ಅನಾತ್ಸುಯಿ, ಮಹಾಮಾ, ಶೀಲಾ ಗೌಡ ಎಲ್ಲರೂ ಕಾಲೇಜಿನಲ್ಲಿ ಕಲೆ ಓದಿದವರು. ತಮ್ಮ ಕೃತಿಗೆ ಹೆಸರು ಹಾಕಬಲ್ಲರು, ಬೆಲೆ ಹೇಳಬಲ್ಲರು. ಕವಂದಿ ಹೊಲಿಯುವವಳಿಗೂ ಕೌದಿ ಹೊಲಿಯುವವಳಿಗೂ ಆ ಅನುಕೂಲವಿಲ್ಲ. ಜೀಸ್ ಬೆಂಡ್‌ನ ಹೊದಿಕೆಗಳು 2002ರಲ್ಲಿ ಹೂಸ್ಟನ್, ನ್ಯೂಯಾರ್ಕುಗಳ ದೊಡ್ಡ ಸಂಗ್ರಹಾಲಯಗಳಲ್ಲಿ ಹೊಗಳಿಕೆ ಗಳಿಸಿದವು, 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಮರುವರ್ಷ ಅಲ್ಲಿನ ಕೆಲವು ಹೆಂಗಸರು ತಮಗೆ ಬರಬೇಕಾದ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2008ರಲ್ಲಿ ಅದು ಇತ್ಯರ್ಥವಾಯಿತು. ಸಿದ್ದಿ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡದ್ದರ ಮಹತ್ವ ಇಲ್ಲಿ ತಿಳಿಯುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ನೋಡುವ ಕಣ್ಣಿಗೆ ಕೊರತೆಯಿಲ್ಲ. ಮುದಗಲ್ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ಶಿಲಾಯುಗದ ದನಗಾಹಿಗಳು ಕುಟ್ಟಿ ಮೂಡಿಸಿದ ಗೂಳಿಗಳಿವೆ. ಅಲ್ಲಿ ಉತ್ಖನನ ನಡೆಸಿದ ಆಲ್ಚಿನ್ 1960ರಲ್ಲಿ ವರದಿ ಪ್ರಕಟಿಸಿದರು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಗುರುತಿಸಿದವನು ಬೀಡನ್ ಎಂಬ ಗಣಿ ಎಂಜಿನಿಯರ್, ಹುಡುಕಲು ಬಂದದ್ದು ಚಿನ್ನ. 1971ರ ಆಸುಪಾಸಿನಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಕ್ಯಾಂಪುಗಳಾದವು. ಹಳೆಯ ಸೀರೆಗಳನ್ನು ಪದರಿಟ್ಟು ಹೊಲಿಯುವ ಕಾಂತಾ ಅವರ ನಾಡಿನದೇ. ಕೌದಿಯ ಸೀಮೆಗೆ ಕಾಂತಾದ ನಾಡಿನವರು ಬಂದು ನೆಲೆಸಿದ ಈ ಸಂಗತಿಯನ್ನು ಯಾವುದಾದರೂ ಕಾಲೇಜಿನ ವಿದ್ಯಾರ್ಥಿ ಅಧ್ಯಯನಕ್ಕೆ ಎತ್ತಿಕೊಂಡರೆ ಸೊಗಸು.

ಕಲ್ತುಕೊಳ್ಳಲು ದಾರಿಗಳೂ ಇವೆ. ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರು ಕಟ್ಟಿದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, 1964ರಲ್ಲಿ ಆರಂಭವಾದ ದಾವಣಗೆರೆಯ ಕಲಾಶಾಲೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ ಉತ್ತರ ಕರ್ನಾಟಕದ ಮಕ್ಕಳಿಗೆ ತೀರಾ ದೂರದವಲ್ಲ. ಅದಕ್ಕೂ ಮುನ್ನ ಹೈಸ್ಕೂಲಿನಲ್ಲೇ ಲೋವರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿಗೆ ಕೂರಬಹುದು. ಅಭ್ಯಾಸಕ್ಕೆ ಹೂಕುಂಡ, ಬಾಳೆಹಣ್ಣುಗಳ ಜತೆಗೆ ಅಜ್ಜಿಯ ಕೌದಿಯ ಒಂದು ಮೂಲೆಯನ್ನೂ ಎದುರಿಗಿಟ್ಟುಕೊಂಡು ಬರೆದರೆ ಡ್ರಾಯಿಂಗ್ ಮೇಷ್ಟ್ರು ಬೇಡವೆನ್ನಲಾರರು.